ಬೊಳ್ಳಿಯ ಸಾಲು

ಎಡಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಚರ್ಮ ಬಿಗಿಯುತ್ತಿದ್ದರೂ ಗುರುವಪ್ಪನಿಗೆ ಬ್ಲೇಡು ಎತ್ತುವ ಮನಸ್ಸಾಗಲಿಲ್ಲ. ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯಲ್ಲಿ ಅರ್ಧ ಬೋಳಿಸಿದ ಮುಖ, ಅದರ ಪಕ್ಕಕ್ಕೆ ಇಳಿಜಾರಿನ ಕಾಫಿ ತೋಟ, ತೋಟದ ಕೊನೆಗೆ ಕೂಲಿಯವರ ಲೈನಿನ ತಗಡು ಕಾಣುತ್ತಿತ್ತು. ಮೊನ್ನೆ ಗುರುವಾರ ಆ ಲೈನಿನಿಂದ ಗಂಡಸರೆಲ್ಲ ಸೀರೆ ಉಟ್ಟು, ಮುಖಕ್ಕೆ ಮಸಿ ಸುಣ್ಣ ಬಳಿದುಕೊಂಡು, ಒಣ ಸೋರೆಬುರುಡೆ, ಸೀಮೆಎಣ್ಣೆ ಡಬ್ಬ ಬಡಿಯುತ್ತ ಕುಂಡೆಹಬ್ಬಕ್ಕೆ ಹೊರಟಿದ್ದರು. ಇವತ್ತು ಶನಿವಾರ. ಅಲ್ಲಿ ನಾಯಿ ಬೊಗಳುವುದೂ ಕೇಳುತ್ತಿಲ್ಲ. ಲೈನಿನ ಲಿಂಗನನ್ನು ಪೋಲೀಸರು ಹಿಡಿದುಕೊಂಡು ಹೋಗಿ ಒಂದು ದಿನವಾಯಿತು. ಒಂದು ದಿನದಲ್ಲಿ ತಾನು ಎರಡು ಸಲ ಹೊಟ್ಟೆ ತುಂಬ ಉಂಡು, ಒಂದು ನಿದ್ದೆ ತೆಗೆದು, ಶಾಲೆಯ ಹಾಜರಿ ಪುಸ್ತಕಕ್ಕೆ ಹೊಸ ರಟ್ಟು ಅಂಟಿಸಿ, ಈಗ ಗಡ್ಡಕ್ಕೂ ಕೂತಿದ್ದೇನೆ. ಅವನಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಆಗುತ್ತಿದೆಯಲ್ಲ ಎಂದು ತುಸು ಸಮಾಧಾನವೂ ಆಯಿತು, ಆ ಸಮಾಧಾನ ಕಂಡು ಮೈಯೆಲ್ಲ ಉರಿಯಿತು. ನೊರೆಯನ್ನು ಹಾಗೇ ಟವೆಲಿನಿಂದ ಒರೆಸಿಕೊಂಡು ಅಂಗಿ ಹುಡುಕಿದ.

"ಎಲ್ಲಿಗೆ ಹೊರ್ಟದ್ದು?" ಯಮುನ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪೇಟೆಗೆ ಎಂದ. ಸ್ಟೇಷನ್ನಿಗೆ ಎನ್ನುವ ಮಾತು ನಾಲಗೆಯ ತುದಿಯಲ್ಲೇ ನಿಂತಿತು. ಅವಳಿಗೆ ಹೇಳಬೇಕಾಗಿಯೂ ಇರಲಿಲ್ಲ. "ನಮ್ಗೆ ಎಂಥಕೆ ಬೇಕು ಅದೆಲ್ಲ? ಈ ಮನೆ ಮಾವಂದು, ಶಾಲೆ ಮಾವಂದು. ಗೊತ್ತುಟ್ಟಲ್ಲ ನಿಮ್ಗೆ?" ಗೊತ್ತುಂಟು. ಅವಳ ಸೋದರಮಾವ ಸಾಂತಪ್ಪನವರು ಗಾಳಿಬೀಡಿನಿಂದ ಬಂದು ಈ ಕಡೆ ನೂರಿಪ್ಪತ್ತು ಎಕರೆ ಮಾಡಿದವರು. ತೋಟದ ಅಂಚಿನಲ್ಲಿ ಶಾಲೆ ಕಟ್ಟಿಸಿದವರು, ಅಳಿಯನಿಗೆ ಅದರಲ್ಲಿ ಕೆಲಸ ಕೊಡಿಸಿ ಈ ಮೂರು ಕೋಣೆಯ ಮನೆ ಬಿಟ್ಟುಕೊಟ್ಟವರು. ಕೊಡಗು ಮೈಸೂರಿಗೆ ಸೇರಿದ ಮೇಲೆ ಎಲ್ಲವೂ ಬದಲಾಗುತ್ತದೆ ಎಂದು ಮಡಿಕೇರಿಯ ವಾರಪತ್ರಿಕೆಗೆ ಗುರುವಪ್ಪ ಒಂದು ಪದ್ಯ ಕಳಿಸಿದ್ದ. ಅಚ್ಚಾಗಿತ್ತು. ಮೂರು ವರ್ಷವಾಯಿತು. ಆ ಪತ್ರಿಕೆಯ ಹಾಳೆ ಟ್ರಂಕಿನಲ್ಲಿದೆ, ಯಮುನಳ ಧಾರೆಸೀರೆಯ ಮಡಿಕೆಯಲ್ಲಿ. "ನಾನ್ ಹೋಗಿ ಬನ್ನೆ" ಎಂದು ಚಪ್ಪಲಿ ಮೆಟ್ಟಿದ. ಅವಳು ಅವನ ಪದ್ಯದ ನೋಟುಪುಸ್ತಕ ಅಂಗಿಯ ಜೇಬಿನಿಂದ ಇಣುಕುತ್ತಿದ್ದುದನ್ನು ನೋಡಿ ಒಳಗೆ ಹೋದಳು.

ಪೇಟೆಗೆ ಏಳು ಮೈಲಿ. ಮೇ ಮುಗಿಯುತ್ತ ಬಂದರೂ ಮೋಡ ಕಟ್ಟಿರಲಿಲ್ಲ, ದಾರಿಯ ಕೆಮ್ಮಣ್ಣು ಕಾದಿತ್ತು. ಶಾಲೆಯ ಮುಂದೆ ಹಾಯುವಾಗ ಅವನು ತಲೆ ತಗ್ಗಿಸಿದ. ಮಾರ್ಚಿಯಲ್ಲಿ ಅದೇ ಶಾಲೆಯ ಕಿಟಕಿಯಿಂದ ನೋಡಿದ್ದ: ಬಿದಿರ ಗಳುವಿಗೆ ಕಂಬಳಿ ಕಟ್ಟಿ ಅದರೊಳಗೆ ಹೆಂಡತಿ ಬೊಳ್ಳಿಯನ್ನು ಮಲಗಿಸಿಕೊಂಡು ಮುಂದೆ ಲಿಂಗ, ಹಿಂದೆ ಲೈನಿನ ಇನ್ನೊಬ್ಬ ಪೇಟೆಯ ಆಸ್ಪತ್ರೆಗೆ ಓಡುತ್ತಿದ್ದರು. ಎರಡು ದಿನದಿಂದ ಹೆರಿಗೆ ನೋವು ತಿನ್ನುತ್ತಿದ್ದಳಂತೆ. ಕಂಬಳಿಯಿಂದ ಒಂದು ಕೈ ಹೊರಗೆ ಜೋತಿತ್ತು, ಗಾಜಿನ ಬಳೆ ಹಾಕಿದ ಕೈ. ಗುರುವಪ್ಪ ಹಲಗೆಯ ಮೇಲೆ ಪದ್ಯದ ಮಾತ್ರೆ ಎಣಿಸುವುದನ್ನು ಹೇಳಿಕೊಡುತ್ತಿದ್ದ. ಸೀಮೆಸುಣ್ಣ ಕೈಯಲ್ಲಿ ಹಿಡಿದು ನಿಂತ. ಸಾಂತಪ್ಪನವರ ಬಂಗಲೆ ಅಲ್ಲಿಂದ ಎರಡು ಫರ್ಲಾಂಗು. ಹಲಸಿನ ಮರದ ಕೆಳಗೆ ಜೀಪು ನಿಂತದ್ದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಲಿಂಗ ಹೋಗಿ ಕಾಲು ಹಿಡಿದದ್ದೂ, ನಾಳೆ ಮದುವೆ ದಿಬ್ಬಣಕ್ಕೆ ಹೊಸ ಸೀಟು ಹೊಲಿಸಿದ್ದೇನೆ, ರಕ್ತಗಿಕ್ತ ಆದರೆ ಏನು ಮಾಡುವುದು, ನಮ್ಮ ಅಜ್ಜಿಯರೆಲ್ಲ ಗದ್ದೆಯ ಬದುವಿನಲ್ಲೇ ಹೆತ್ತವರು ಎಂದು ಸಾಂತಪ್ಪನವರು ಹೇಳಿದ್ದೂ ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ಗೊತ್ತಿದ್ದಷ್ಟು ಸಾಲದೇ? ಸೀಮೆಸುಣ್ಣ ಕೆಳಗಿಟ್ಟು, ಎರಡು ಫರ್ಲಾಂಗು ನಡೆದು, ಮಾವ, ಜೀಪು ಕೊಡಿ ಎಂದು ಕೇಳಬಹುದಿತ್ತು. ಕೂಲಿಯವನಿಗೆ ಇಲ್ಲ ಅಂದವರು ಅಳಿಯನಿಗೆ ಹೂಂ ಅನ್ನುತ್ತಿದ್ದರೋ ಏನೋ. ಅವನು ಕೇಳಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡ. ಸಂಜೆ ಬೊಳ್ಳಿ ದಾರಿಯಲ್ಲೇ, ಪೇಟೆಯ ಸೇತುವೆ ಇನ್ನೂ ಅರ್ಧ ಮೈಲಿ ಇರುವಾಗ, ಮಗು ಹೊಟ್ಟೆಯಲ್ಲಿರುವಂತೆಯೇ ಸತ್ತಳು ಎಂದು ಕೇಳಿ, ಊಟ ಬೇಡ ಎಂದು ಯಮುನಳಿಗೆ ಹೇಳಿ, ಕೂತು ಪದ್ಯ ಬರೆದ. ಒಂದೇ ಗುಕ್ಕಿಗೆ ಬಂತು. ಬರೆದು ಮುಗಿಸಿದ ಮೇಲೆ ಹಸಿವಾಯಿತು, ಎದ್ದು ಉಂಡ.

ಹಿಂದಿನಿಂದ ಹಾರನ್ ಕೇಳಿತು. ಅದೇ ಜೀಪು. ಡ್ರೈವರನ ಪಕ್ಕದಲ್ಲಿ ಸಾಂತಪ್ಪನವರು ಬಿಳಿ ಅಂಗಿ, ತಲೆಗೆ ಟೊಪ್ಪಿ ಹಾಕಿ ಕೂತಿದ್ದರು. "ಎಲ್ಲಿಗೆ ಹೊರ್ಟದ್ದು ಈ ಬಿಸ್ಲಿಗೆ? ಹತ್ತು."

"ಇಲ್ಲೆ ಮಾವ, ನಾನ್ ನಡ್ಕಂಡೇ..."

"ಹತ್ತು ಅಂದೆ. ನಾನೂ ಪೇಟೆಗೇ ಹೋದು. ಒಳ್ಳೇದಾತ್, ನಿನ್ನದೊಂದು ರುಜು ಬೇಕಿತ್ತ್. ಓದಿದವರ ರುಜು ಇದ್ದರೆ ಸ್ಟೇಷನ್‌ನಲ್ಲಿ ತೂಕ."

ಅವನು ಹತ್ತಿದ. ಹಿಂದಿನ ಸೀಟಿನ ರೆಕ್ಸಿನ್ ಇನ್ನೂ ಹೊಸ ವಾಸನೆ ಹೊಡೆಯುತ್ತಿತ್ತು. ತೊಡೆಯ ಕೆಳಗೆ ಅದು ತಣ್ಣಗಿತ್ತು. ಎಷ್ಟು ಮೆತ್ತಗಿದೆ ಎಂದೇ ಮೊದಲು ಅನ್ನಿಸಿದ್ದು, ಆ ಅನ್ನಿಸಿಕೆಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು. ಸಾಂತಪ್ಪನವರು ತಿರುಗದೆ ಮಾತಾಡುತ್ತಿದ್ದರು. ಗೋದಾಮಿನಿಂದ ಒಂದು ಮೂಟೆ ಒಳ್ಳೆಮೆಣಸು ಹೋಗಿದೆ, ಲಿಂಗನ ಗುಡಿಸಲ ಹಿಂದೆ ಸಿಕ್ಕಿದೆ, ಮಹಜರಿಗೆ ಇಬ್ಬರ ಸಾಕ್ಷಿ ಬೇಕು, ಒಂದು ಡ್ರೈವರಂದಾಯಿತು. ಮಾತು ಸಾಮಾನ್ಯವಾಗಿತ್ತು, ಗೊಬ್ಬರದ ಮಾತಾಡುವ ಹಾಗೆ. "ಪದ ಹೇಳಿದ್ದಕ್ಕೆ ನಾನು ಇದೆಲ್ಲ ಮಾಡ್ತೊಳೆ ಅಂತ ಲೈನಿನವು ಹೇಳುವೊ. ಹೇಳ್ಲಿ. ಕುಂಡೆಹಬ್ಬದಲ್ಲಿ ನನ್ನ ಅಪ್ಪನ ಬೈದೊ, ಅಮ್ಮನ ಬೈದೊ, ನನ್ನ ಹೆಣ್ಣ್‌ನ ಹೇಳಬಾರದ್ದೆಲ್ಲ ಹೇಳಿದೊ. ನಾನ್ ನಗಾಡಿಲ್ಲೆಯಾ?"

ನಗಾಡಿದ್ದರು, ನಿಜ. ಗುರುವಾರ ಬಂಗಲೆಯ ಕಾಫಿ ಕಣದಲ್ಲಿ ಕುರ್ಚಿ ಹಾಕಿಸಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ವರ್ಷಕ್ಕೊಂದು ದಿನ ಆ ಜನರ ಬಾಯಿಗೆ ಬೀಗವಿಲ್ಲ. ಮನೆಮನೆಗೆ ಬಂದು ಯಜಮಾನನನ್ನೂ ದೇವರನ್ನೂ ಬಾಯಿಗೆ ಬಂದಂತೆ ಬೈಯುತ್ತಾರೆ. ಯಜಮಾನ ಕೋಪ ಮಾಡಬಾರದು, ಅಕ್ಕಿ ಬೆಲ್ಲ ಕಳ್ಳು ಕೊಟ್ಟು ಕಳಿಸಬೇಕು. ಸಂಜೆ ದೇವರ ಮುಂದೆ ತಪ್ಪಾಯಿತು ಎಂದರೆ ಆ ವರ್ಷದ ಬೈಗಳು ಅಲ್ಲಿಗೆ ಮುಗಿಯಿತು. ಗುರುವಪ್ಪನಿಗೆ ಬುದ್ಧಿ ಓಡಿದ್ದು ಅಲ್ಲೇ. ಏನು ಹೇಳಿದರೂ ಯಾರೂ ಮುಟ್ಟಲಾಗದ ದಿನ ಇದೊಂದು ಇರುವಾಗ, ಬರಿಯ ಹೊಲಸು ಮಾತಿಗೆ ಅದನ್ನು ಯಾಕೆ ಹಾಳು ಮಾಡಬೇಕು? ತನ್ನ ಪದ್ಯವನ್ನು ಅವರ ಮಟ್ಟಿಗೆ ಕೂಡಿಸಿ ಹಾಡಿಸಿದರೆ? ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಲಿಂಗನನ್ನು ಶಾಲೆಗೆ ಕರೆಸಿ, ಮಕ್ಕಳ ಬೆಂಚಿನ ಮೇಲೆ ಕೂರಿಸಿ, ಹೇಳಿಕೊಟ್ಟ. ಲಿಂಗ ಬೆಂಚಿನ ಮೇಲೆ ಕೂರಲಾರದೆ ನೆಲಕ್ಕಿಳಿದ. 'ಓ ತಾಯೆ, ನಿನ್ನ ಮಡಿಲ ಹಸುರು ಯಾರ ಬೆವರ ಬಣ್ಣ? ಬೆಟ್ಟ ಕೇಳಲಿಲ್ಲ, ಹೊಳೆಯು ಕೇಳಲಿಲ್ಲ, ಕೇಳಬೇಕಾದವಗೆ ಕಿವಿಯೆ ಇಲ್ಲವಣ್ಣ.' ಎರಡು ಸಲಕ್ಕೆ ಲಿಂಗನಿಗೆ ಬಾಯಿಪಾಠ ಬಂತು. ಆಮೇಲೆ ತಲೆ ಕೆರೆದುಕೊಂಡು ಕೇಳಿದ್ದ: "ಮಾಷ್ಟ್ರಯ್ಯ, ಇದ್ರಲ್ಲಿ ಬೊಳ್ಳಿ ಎಲ್ಲಿ?"

"ತಾಯಿ ಅಂತ ಬರ್ತದಲ್ಲ ಲಿಂಗ, ಅವಳೇ ಬೊಳ್ಳಿ. ಎಲ್ಲ ತಾಯಂದಿರೂ ಅದರಲ್ಲಿ ಬಂದರು."

"ಎಲ್ಲಾರ್ಗೂ ಒಂದೇ ಹೆಸ್ರಾ?"

ಪದ್ಯ ಅಂದರೆ ಹಾಗೆಯೇ, ಹೆಸರು ಹಾಕಿದರೆ ಅದು ಚಾಡಿಯಾಗುತ್ತದೆ, ಹೆಸರು ಬಿಟ್ಟರೆ ಲೋಕಕ್ಕೆಲ್ಲ ಆಗುತ್ತದೆ ಎಂದು ಅವನು ವಿವರಿಸಿದ್ದ. ಲಿಂಗ ಹೌದಯ್ಯ ಎಂದು ತಲೆಯಾಡಿಸಿದ್ದ. ವಿವರಿಸುವಾಗಲೇ ಗುರುವಪ್ಪನಿಗೆ ಒಳಗೊಳಗೆ ಗೊತ್ತಿತ್ತು, ಬೊಳ್ಳಿಯ ಹೆಸರು ಬಂದರೆ ಅದರ ಬಾಲ ಹಿಡಿದು ಸಾಂತಪ್ಪನವರ ಹೆಸರೂ ಬರುತ್ತದೆ, ಸಾಂತಪ್ಪನವರ ಹೆಸರು ಬಂದರೆ ತಾನಿರುವ ಮೂರು ಕೋಣೆ ಹೋಗುತ್ತದೆ. ಹೆದರಿಕೆಗೆ ಕಾವ್ಯದ ಅಂಗಿ ತೊಡಿಸಿದ್ದ, ಅಷ್ಟೆ.

ಗುರುವಾರ ಕಣದ ಮೂಲೆಯಲ್ಲಿ ಎಲ್ಲರ ಹಿಂದೆ ನಿಂತಿದ್ದ. ಯಮುನಳ ರವಿಕೆಯೇ ಇರಬೇಕು, ಹಳೆಯ ಹಸಿರು ರವಿಕೆ ತೊಟ್ಟು, ಹರಕು ಸೀರೆ ಸುತ್ತಿಕೊಂಡು ಲಿಂಗ ಮುಂದೆ ಬಂದ. ಬುರುಡೆಯ ತಾಳ ಸರಿಯಾಗಿ ಬಿತ್ತು. ಪದ್ಯ ಶುರುವಾಯಿತು. ಬೆಟ್ಟ ಬಂತು, ಹೊಳೆ ಬಂತು. ಸಾಂತಪ್ಪನವರು ನಗುತ್ತಲೇ ಇದ್ದರು, ಕಿಟಕಿಯ ಹಿಂದೆ ಹೆಂಗಸರು ನಗುತ್ತಲೇ ಇದ್ದರು. ತನ್ನ ಪದ್ಯ ಯಾರಿಗೂ ಏನೂ ಆಗದಂತೆ ಕಣ ದಾಟಿಕೊಂಡು ಹೋಗುವುದನ್ನು ಅವನು ನಿಂತು ನೋಡಿದ. ಆಗ ಲಿಂಗ ಮಟ್ಟು ಬದಲಿಸದೆ, ದನಿಯನ್ನೂ ಏರಿಸದೆ, ಅವನು ಕಲಿಸದ ಒಂದು ಸಾಲು ಹೇಳಿದ:

"ಸಾಂತಪ್ಪ ಸಾವ್ಕಾರ್ರ ಜೀಪು ನೆಳ್ಳಲ್ಲಿ, ನನ್ನ ಬೊಳ್ಳಿ ಬಿಸ್ಲಲ್ಲಿ."

ಬುರುಡೆ ನಿಂತಿತು. ಕಿಟಕಿಯ ನಗು ನಿಂತಿತು. ಲಿಂಗ ಇನ್ನೊಮ್ಮೆ ಹೇಳಿದ. ಸಾಂತಪ್ಪನವರ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತವರ ಹಾಗೆ. ಎಲ್ಲರ ಕಣ್ಣೂ ಹಲಸಿನ ಮರದ ಕಡೆಗೆ ಹೊರಳಿತು, ಅಲ್ಲಿ ಜೀಪು ನೆರಳಲ್ಲಿ ನಿಂತೇ ಇತ್ತು. ಆ ಕ್ಷಣ ಗುರುವಪ್ಪನಿಗೆ ಹೆದರಿಕೆಯಾಗಲಿಲ್ಲ, ದುಃಖವೂ ಆಗಲಿಲ್ಲ. ಹೊಟ್ಟೆಕಿಚ್ಚಾಯಿತು. ಹನ್ನೆರಡು ವರ್ಷ ಛಂದಸ್ಸು ಅರೆದು ಕುಡಿದವನಿಗೆ ಸಿಗದ ಸಾಲು, ಅಕ್ಷರ ಬಾರದವನ ಬಾಯಿಗೆ ಹೀಗೆ ಬಂದು ಕೂತಿತಲ್ಲ ಎಂಬ ಹೊಟ್ಟೆಕಿಚ್ಚು. ಈ ಮಾತನ್ನು ಅವನು ಯಾರಿಗೂ ಹೇಳಿಲ್ಲ. ಶುಕ್ರವಾರ ಬೆಳಿಗ್ಗೆ ಪೋಲೀಸರು ಬಂದಾಗ ಬಾಗಿಲ ಸಂದಿಯಿಂದ ನೋಡಿದ. ಲಿಂಗನ ಮುಖದ ಸುಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಯಾರು ಹೇಳಿಕೊಟ್ಟದ್ದು ಎಂದು ಒಬ್ಬ ಪೋಲೀಸು ಕಿವಿ ಹಿಂಡಿ ಕೇಳುತ್ತಿದ್ದ. ಲಿಂಗ ಮೇಷ್ಟರ ಮನೆಯ ಕಡೆಗೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಸ್ಟೇಷನ್ ಬಂತು. ಡ್ರೈವರ್ ಜೀಪನ್ನು ಸುತ್ತು ಹಾಕಿಸಿ ಮಾವಿನ ಮರದ ಕಡೆಗೆ ಒಯ್ದ. ಸಬ್ ಇನ್‌ಸ್ಪೆಕ್ಟರು ಮೈಸೂರಿನ ಕಡೆಯವರು, ವಯಸ್ಸಾದವರು, ಮರ್ಯಾದಸ್ಥರು. "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ತಾವು ಕವಿಗಳಂತೆ, ಕೇಳಿದೀನಿ" ಎಂದು ಕುರ್ಚಿ ತೋರಿಸಿದರು. ಬೇರೆ ದಿನವಾಗಿದ್ದರೆ ಗುರುವಪ್ಪ ಹಿಗ್ಗುತ್ತಿದ್ದ. ಎದುರಿಗೇ ಲಾಕಪ್ಪು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ಗೋಡೆಗೊರಗಿ ಕೂತ ಲಿಂಗ ಕಂಡ. ಮೈಮೇಲೆ ಇನ್ನೂ ಅದೇ ಹಸಿರು ರವಿಕೆ, ತೋಳು ಹರಿದಿದೆ, ಒಂದು ಕಣ್ಣು ಊದಿ ಮುಚ್ಚಿಕೊಂಡಿದೆ. ಪೋಲೀಸಿನವರು ಅವನಿಗೆ ಬಟ್ಟೆ ಬದಲಾಯಿಸಲೂ ಬಿಟ್ಟಿಲ್ಲ. ಹೆಂಗಸಿನ ರವಿಕೆಯಲ್ಲಿ ಗಂಡಸು ಎಷ್ಟು ಸಣ್ಣಗೆ ಕಾಣುತ್ತಾನೆ. ಮುಂದೆ ಮಹಜರಿನ ಹಾಳೆ ಬಂತು. ಓದಿದ. ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಸದರಿ ಲಿಂಗ ಎಂಬವನು ಗೋದಾಮಿನ ಹಿಂಬದಿಯಿಂದ ಹೊಕ್ಕು, ಎಂದಿತ್ತು. ಬರವಣಿಗೆ ದುಂಡಗೆ ಚೆನ್ನಾಗಿತ್ತು.

"ಮಂಗಳವಾರ ಸಂಜೆ," ಗುರುವಪ್ಪ ಅಂದ. ದನಿ ಬೇರೆ ಯಾರದೋ ಆಗಿ ಬಂತು. "ಮಂಗಳವಾರ ಸಂಜೆ ಲಿಂಗ ಶಾಲೆಯಲ್ಲಿದ್ದ. ನನ್ನ ಹತ್ತಿರ. ಪದ ಕಲೀತಿದ್ದ."

ಸಬ್ ಇನ್‌ಸ್ಪೆಕ್ಟರು ಸಾಂತಪ್ಪನವರ ಮುಖ ನೋಡಿದರು. ಮೆಲ್ಲಗೆ ಹಾಳೆ ಎಳೆದುಕೊಂಡು, "ಹಾಗಾದ್ರೆ ಸೋಮವಾರ ಅಂತ ಮಾಡ್ಕೊಳ್ಳೋಣ. ಅದೇನು ದೊಡ್ಡದಲ್ಲ" ಎಂದು ವಾರದ ಹೆಸರಿನ ಮೇಲೆ ಗೀಟು ಎಳೆದರು. ಇಷ್ಟೇ. ನಿನ್ನೆಯಿಂದ ಎದೆಯ ಮೇಲೆ ಹೊತ್ತುಕೊಂಡು ತಿರುಗಿದ ಸತ್ಯ ಒಂದು ಗೀಟಿಗೆ ಮುಗಿಯಿತು. ಅವನಿಗೆ ಅಳು ಬರುವ ಹಾಗಾಯಿತು. ನೋಟುಪುಸ್ತಕ ತೆಗೆದು ಮೇಜಿನ ಮೇಲಿಟ್ಟು, "ಪದ ನನ್ನದು, ನಾನು ಬರೆದದ್ದು, ಅವನು ಬರೀ ಹಾಡಿದ್ದು" ಎಂದ. ಸಬ್ ಇನ್‌ಸ್ಪೆಕ್ಟರು ಕನ್ನಡಕ ಹಾಕಿ ಗಟ್ಟಿಯಾಗಿಯೇ ಓದಿದರು. ಓ ತಾಯೆ, ಬೆಟ್ಟ, ಹೊಳೆ. ಪೋಲೀಸು ಸ್ಟೇಷನ್ನಿನ ಗೋಡೆಗಳ ನಡುವೆ ಆ ಸಾಲುಗಳು ಶಾಲಾ ವಾರ್ಷಿಕೋತ್ಸವದ ಪ್ರಾರ್ಥನೆಯಂತೆ ಕೇಳಿದವು. "ಭೇಷ್. ಇದರಲ್ಲೇನಿದೆ ತಪ್ಪು? ಪಠ್ಯಪುಸ್ತಕಕ್ಕೆ ಹಾಕಬಹುದು," ಎಂದು ಅವರು ಪುಸ್ತಕ ವಾಪಸು ಕೊಟ್ಟರು.

ಸಾಂತಪ್ಪನವರು ಈಗ ಕುರ್ಚಿಯನ್ನು ಅಳಿಯನ ಹತ್ತಿರಕ್ಕೆ ಎಳೆದುಕೊಂಡರು. ಅವರ ಕಣ್ಣಿನಲ್ಲಿ ಕೋಪಕ್ಕಿಂತ ಹೆಚ್ಚಾಗಿ ಒಂದು ಅಂಜಿಕೆ ಇತ್ತು, ಎರಡು ರಾತ್ರಿ ನಿದ್ದೆಗೆಟ್ಟವರ ಕಣ್ಣು. "ಇದು ನಿಂದು ಅಂತ ನಂಗೆ ಗುರುವಾರವೇ ಗೊತ್ತಾತ್. ಇದಲ್ಲ ನಾನ್ ಕೇಳ್ದು. ಆ ಜೀಪಿನ ಸಾಲು ಯಾರ್ದು? ಅದು ನೀನ್ ಬರೆದದ್ದಾದರೆ ಆ ಲಿಂಗ ಬರೀ ಗಿಣಿ. ಗಿಣಿ ಮೇಲೆ ನಂಗೆ ಸಿಟ್ಟಿಲ್ಲೆ, ಈಗಲೇ ಬಿಡಿಸ್ನೆ. ನಿನ್ನ ಹತ್ರ ನಾನ್ ಮನೇಲಿ ಮಾತಾಡ್ನೆ, ಆ ಮನೆ ನಿಂಗೆ ಇರುದಿಲ್ಲೆ, ಅದು ಬೇರೆ. ಆದರೆ ಅಂವ ತಾನೇ ಕಟ್ಟಿದ್ದಾದರೆ..." ಮಾತು ಮುಗಿಸಲಿಲ್ಲ. ತಾನೇ ಕಟ್ಟಿದ್ದಾದರೆ ಅವನು ನೋಡಿದ್ದಾನೆ ಎಂದಾಯಿತು, ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಎಂದಾಯಿತು, ಲೈನಿನಲ್ಲಿ ಇನ್ನೂ ಎಷ್ಟು ಜನ ಏನೇನು ನೋಡಿ ಇಟ್ಟುಕೊಂಡಿದ್ದಾರೋ ಎಂದಾಯಿತು. ಅದು ಸಾಂತಪ್ಪನವರಿಗೆ ಬೇಡವಾಗಿತ್ತು.

ಬಾಗಿಲು ಇಷ್ಟು ಅಗಲಕ್ಕೆ ತೆರೆಯುತ್ತದೆ ಎಂದು ಗುರುವಪ್ಪ ಎಣಿಸಿರಲಿಲ್ಲ. ಒಂದು ಸುಳ್ಳು ಹೇಳಿದರೆ ಸಾಕು. ಮೂರು ಕೋಣೆ, ಶಾಲೆ, ಯಮುನ ತವರಿನಲ್ಲಿ ತಲೆಯೆತ್ತುವುದು, ಎಲ್ಲ ಹೋಗುತ್ತದೆ. ಹೋಗಲಿ. ಹೋಗಲಿ ಎಂದು ಅನ್ನಿಸಿದ್ದೇ ಮಾರ್ಚಿಯಿಂದ ಕಟ್ಟಿಕೊಂಡಿದ್ದ ಎದೆ ಒಮ್ಮೆಗೇ ಹಗುರಾಯಿತು. ಕೊನೆಗೂ ತಾನು ಎರಡು ಫರ್ಲಾಂಗು ನಡೆದೆ. ಅದರ ಜೊತೆಗೇ ಇನ್ನೊಂದು ಆಸೆಯೂ ಒಳಗಿನಿಂದ ತಲೆ ಹಾಕಿತು, ಅದನ್ನೂ ಅವನು ಕಂಡ: ಆ ಸಾಲು ತನ್ನದಾಗುತ್ತದೆ. "ನನ್ನದು," ಎಂದ. "ಆ ಸಾಲೂ ನನ್ನದೇ." ಹಾಗಾದರೆ ಹೇಳಿ ಎಂದರು ಸಬ್ ಇನ್‌ಸ್ಪೆಕ್ಟರು. ಗುರುವಪ್ಪ ಎದ್ದು ನಿಂತು ಹೇಳಿದ: "ಸಾಂತಪ್ಪ ಸಾಹುಕಾರರ ಜೀಪು ನೆರಳಿನಲ್ಲಿ, ನನ್ನ ಬೊಳ್ಳಿ ಬಿಸಿಲಿನಲ್ಲಿ." ಅವನ ಬಾಯಿಯಲ್ಲಿ ನೆಳ್ಳು ನೆರಳಾಯಿತು, ಬಿಸ್ಲು ಬಿಸಿಲಾಯಿತು. 'ನನ್ನ ಬೊಳ್ಳಿ' ಎನ್ನುವಾಗ ನಾಲಗೆ ತೊಡರಿತು.

"ಅಲ್ಲ."

ಲಾಕಪ್ಪಿನಲ್ಲಿ ಲಿಂಗ ಎದ್ದಿದ್ದ. ಸರಳು ಹಿಡಿದು ಮೈಯ ಭಾರ ಅದಕ್ಕೆ ಬಿಟ್ಟಿದ್ದ.

"ಅದು ಮಾಷ್ಟ್ರಯ್ಯಂದಲ್ಲ. ನಂದು."

"ಲಿಂಗ, ಸುಮ್ನಿರು," ಗುರುವಪ್ಪ ಕೂಗಿದ. "ನಿನ್ನ ಬಿಡ್ತಾರೆ. ನಿಂಗೆ ಗೊತ್ತಾಗೋದಿಲ್ಲ, ಸುಮ್ನಿರು."

"ಗೊತ್ತಾಗ್ತದೆ ಅಯ್ಯ. ಕೇಳ್ತಾ ಇದ್ದೆ." ಲಿಂಗನ ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿಗೆ ಸಮಾಧಾನ ಹೇಳುವಷ್ಟು ಮೆತ್ತಗಿತ್ತು. "ಮಾಷ್ಟ್ರಯ್ಯಂದು ದೊಡ್ಡ ಪದ. ಬೆಟ್ಟ ಉಂಟು, ಹೊಳೆ ಉಂಟು, ಎಲ್ಲ ಉಂಟು. ನಂಗೆ ಇರೋದು ಅದೊಂದೇ. ಬೊಳ್ಳಿ ಇರೋದು ಅದ್ರೊಳಗೇ. ಅದನ್ನೂ ಕೊಟ್ಟು ನಾನು ಹೊರ್ಗೆ ಬಂದು ಏನು ಮಾಡ್ಲಿ?"

ಆಮೇಲೆ ಲಿಂಗ, ಯಾರೂ ಕೇಳದೆಯೇ, ಅದನ್ನು ಹೇಳಿದ. ಬುರುಡೆಯಿಲ್ಲ, ಡಬ್ಬವಿಲ್ಲ, ಸರಳಿನ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡು, ಒಂದು ಸಲ. ಬಾಗಿಲಲ್ಲಿದ್ದ ಪೋಲೀಸಿನವನು ತಲೆ ತಗ್ಗಿಸಿದ. ಸಾಂತಪ್ಪನವರು ಎದ್ದು ಟೊಪ್ಪಿ ಹಾಕಿಕೊಂಡರು. "ಬರ್ಕೊಳ್ಳಿ," ಎಂದರು ಸಬ್ ಇನ್‌ಸ್ಪೆಕ್ಟರಿಗೆ. "ಸೋಮವಾರ ಅಂತಲೇ ಬರ್ಕೊಳ್ಳಿ. ಪೇಟೆಯಲ್ಲಿ ರುಜು ಹಾಕುವವರಿಗೆ ಬರವಿಲ್ಲ." ಗುರುವಪ್ಪ ನೋಟುಪುಸ್ತಕ ಎತ್ತಿಕೊಳ್ಳಲು ಕೈ ಚಾಚಿದ, ಎತ್ತಿಕೊಂಡ, ಯಾಕೆ ಎತ್ತಿಕೊಂಡೆನೆಂದು ತಿಳಿಯದೆ ಹಿಡಿದುಕೊಂಡ. ಲಿಂಗನ ಮುಖ ನೋಡಬೇಕೆಂದು ತಿರುಗಿದ. ಲಿಂಗ ಆಗಲೇ ಕತ್ತಲೆಗೆ ಸರಿದು ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದ. ಹಸಿರು ರವಿಕೆಯ ಬೆನ್ನು ಮಾತ್ರ ಕಾಣುತ್ತಿತ್ತು.

ಹೊರಗೆ ಬಿಸಿಲು ನೆತ್ತಿಗೆ ಬಂದಿತ್ತು. ಅಂಗಳದ ಆಚೆ ಮಾವಿನ ಮರದ ಕೆಳಗೆ ಜೀಪು ನಿಂತಿತ್ತು, ಸ್ಟಿಯರಿಂಗಿಗೆ ತಲೆಯಿಟ್ಟು ಡ್ರೈವರ್ ನಿದ್ದೆ ಹೋಗಿದ್ದ. ಸಾಂತಪ್ಪನವರು ಹತ್ತಿ ಕೂತರು. ಅಳಿಯನ ಮೇಲೆ ಅವರಿಗೆ ಈಗ ಸಿಟ್ಟೇ ಇರಲಿಲ್ಲ, ಅದು ದನಿಯಲ್ಲೇ ತಿಳಿಯಿತು. "ನಿಂತದ್ದ್ ಎಂಥಕೆ? ಹತ್ತು. ಯಮುನ ಊಟಕ್ಕೆ ಕಾಯ್ತಿರ್ದು. ನಿಂಗೆ ಎಂಥ ಆತಿಲ್ಲೆ, ಮನೇಲೇ ಇರು." ಮನೆಯಲ್ಲೇ ಇರು. ಅವನ ಪದ್ಯದಿಂದ ಯಾರಿಗೂ ಏನೂ ಆಗಿಲ್ಲ, ಅವನಿಗೂ ಆಗುವುದಿಲ್ಲ. ಗುರುವಪ್ಪ ಅಂಗಳದ ನಡುವೆ ನಿಂತ. ಬೋಳಿಸದ ಎಡಗೆನ್ನೆ ಬೆವರಿಗೆ ಕಡಿಯುತ್ತಿತ್ತು. ಹೋಗಿ ಆ ಮೆತ್ತನೆಯ ಸೀಟಿನಲ್ಲಿ ಕೂರಲು ಕಾಲು ಬರಲಿಲ್ಲ. ಇಲ್ಲೇ ಬಿಸಿಲಲ್ಲಿ ನಿಂತುಕೊಳ್ಳುತ್ತೇನೆ ಎಂದರೆ ಅದೂ ಬೊಳ್ಳಿಯದಾಗಿತ್ತು. ನೆರಳಲ್ಲಿ ಜೀಪು, ಬಿಸಿಲಲ್ಲಿ ಬೊಳ್ಳಿ. ಆ ಸಾಲಿನಲ್ಲಿ ಅವನು ನಿಲ್ಲುವುದಕ್ಕೆ ಎಲ್ಲಿಯೂ ಜಾಗವಿರಲಿಲ್ಲ. ಸಾಂತಪ್ಪನವರು ಇನ್ನೊಮ್ಮೆ ಕರೆದರು.